ಒಂದು ಹನಿ ರಕ್ತ ಎಷ್ಟು ಭಾರ?

ರಕ್ತದಾನ ಮಾಡಿದವರಿಗೆ ಆ ನೀಲಿ ನೀರು ನೆನಪಿರಬೇಕು. ಬೆರಳ ತುದಿಗೆ ಚುಚ್ಚಿ, ಸಣ್ಣ ಗಾಜಿನ ನಳಿಗೆಗೆ ರಕ್ತ ಹೀರಿಸಿಕೊಂಡು, ನೀಲಿ ದ್ರವ ತುಂಬಿದ ಪುಟ್ಟ ಗಾಜಿನ ಲೋಟದೊಳಗೆ ಒಂದೇ ಒಂದು ಹನಿ ಬಿಡುತ್ತಾರೆ. ಹನಿ ಮುಳುಗಿತೋ, ಹೋಗಿ ಮಂಚದ ಮೇಲೆ ಮಲಗಬಹುದು. ತೇಲಿತೋ, "ನಿಮ್ಮದು ಬೇಡ, ಹಿಮೋಗ್ಲೋಬಿನ್ ಕಮ್ಮಿ ಇದೆ" ಅಂತ ವಾಪಸ್ ಕಳಿಸುತ್ತಾರೆ. ಈಗ ಎಷ್ಟೋ ಕಡೆ ಅಂಗೈಯಗಲದ ಯಂತ್ರ ಬಂದಿದೆ, ಅದು ನೇರವಾಗಿ ಅಂಕಿಯನ್ನೇ ತೋರಿಸುತ್ತೆ. ಆದರೂ ನೀಲಿ ನೀರು ಪೂರ್ತಿ ಮಾಯವಾಗಿಲ್ಲ.

ಬಹಳ ಜನ ಅದನ್ನು ಬಣ್ಣ ನೋಡುವ ಪರೀಕ್ಷೆ ಅಂದುಕೊಂಡಿರುತ್ತಾರೆ, ಲಿಟ್ಮಸ್ ಕಾಗದದ ಹಾಗೆ. ಅಲ್ಲ. ಅದು ತೂಕದ ಪರೀಕ್ಷೆ. ಆ ಲೋಟವೇ ತಕ್ಕಡಿ. ಈ ತಕ್ಕಡಿಯ ಹಿಂದೆ ಸಾವಿರ ವರ್ಷದ ಹತ್ತಿರದ ಕಥೆಯಿದೆ, ಅದರ ಅರ್ಧ ಭಾಗ ನಮ್ಮ ನೆರೆಯ ಬಂಗಾಳದಲ್ಲೇ ನಡೆದಿದೆ. ಹಿಂದೆ ಯಾವಾಗಲೋ ಇದರ ಬಗ್ಗೆ ಓದಲು ಶುರುಮಾಡಿದವನು ಒಂದರಿಂದ ಇನ್ನೊಂದಕ್ಕೆ ಹೋಗಿ ಹೋಗಿ ಕಾಲರಾ ವಾರ್ಡಿನಲ್ಲಿ ಬಂದು ನಿಂತೆ. ಅದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಪುರುಸೊತ್ತು ಮಾಡಿಕೊಂಡು ಓದಿ :-)

ಸಾಂದ್ರತೆ ಅನ್ನೋದು ನಮಗೆ ಶಾಲೆಯ ಪುಸ್ತಕಕ್ಕಿಂತ ಮೊದಲೇ ಗೊತ್ತಿರುವ ವಿಷಯ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೇಲಿಸಿ ತೆಗೆಯುತ್ತಾರಲ್ಲ, ಅದು ಸಾಂದ್ರತೆಯ ಅಳತೆಯೇ. ಬರೀ ನೀರಿನಲ್ಲಿ ಅರೆಜೊಳ್ಳು ಕೂಡ ಮುಳುಗಿಬಿಡುತ್ತೆ, ಉಪ್ಪು ಬೆರೆಸಿ ನೀರನ್ನು ಭಾರ ಮಾಡಿದರೆ ಮಾತ್ರ ಗಟ್ಟಿಕಾಳು ಕೆಳಗೆ, ಉಳಿದದ್ದು ಮೇಲೆ. ಅಂದರೆ ಕಾಳನ್ನು ತೂಗುವ ಬದಲು ನೀರನ್ನೇ ನಮಗೆ ಬೇಕಾದ ತೂಕಕ್ಕೆ ತಂದುಕೊಂಡು, ಇದಕ್ಕಿಂತ ನೀನು ಹೆಚ್ಚೋ ಕಮ್ಮಿಯೋ ಅಂತ ಕಾಳನ್ನೇ ಕೇಳುವುದು. ನೀಲಿ ನೀರಿನ ಗುಟ್ಟು ಕೂಡ ಇಷ್ಟೇ. ಹಾಲಿನ ಡೇರಿಯ ಲ್ಯಾಕ್ಟೋಮೀಟರ್ ಇದರ ಇನ್ನೊಂದು ರೂಪ.

ಆದರೆ ಭತ್ತ, ಹಾಲು ಬೇಕಾದಷ್ಟು ಸಿಗುತ್ತೆ. ರಕ್ತ ಹಾಗಲ್ಲ. ಜೊತೆಗೆ ವ್ಯತ್ಯಾಸ ತೀರಾ ಸಣ್ಣದು. ಒಂದು ಲೀಟರ್ ನೀರು ಒಂದು ಕೆಜಿ ಅಂದರೆ, ಒಂದು ಲೀಟರ್ ಆರೋಗ್ಯವಂತ ರಕ್ತ ಸುಮಾರು 1,055ರಿಂದ 1,060 ಗ್ರಾಂ ಆಸುಪಾಸು ಬರುತ್ತೆ. ಇದನ್ನೇ ಸಾಪೇಕ್ಷ ಸಾಂದ್ರತೆ 1.055, 1.060 ಅಂತ ಬರೆಯುವುದು. ರಕ್ತಹೀನತೆ ಇದ್ದವರದ್ದು 1.050ಕ್ಕೆ ಇಳಿದಿರಬಹುದು. ಲೀಟರಿಗೆ ಹತ್ತು ಗ್ರಾಂ ಕೂಡ ಇಲ್ಲದ ಫರಕು. ಒಂದು ಹನಿ ಅಂದರೆ ಮಿಲಿಲೀಟರಿನ ಇಪ್ಪತ್ತನೇ ಒಂದು ಪಾಲು ಅಂತ ಇಟ್ಟುಕೊಂಡರೆ, ಒಂದು ಹನಿಯಲ್ಲಿ ಈ ಫರಕು ಮಿಲಿಗ್ರಾಮಿನ ಅರ್ಧವೂ ಆಗುವುದಿಲ್ಲ. ಅಕ್ಕಸಾಲಿಗನ ತಕ್ಕಡಿಯೂ ಕೈಚೆಲ್ಲುವ ತೂಕ!

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರಕ್ತ ಭಾರವಾಗಿರುವುದು ಕಬ್ಬಿಣದಿಂದ ಅಂತ ಹಲವರ ನಂಬಿಕೆ. ಒಂದು ಲೀಟರ್ ರಕ್ತದಲ್ಲಿರುವ ಕಬ್ಬಿಣ ಸುಮಾರು ಅರ್ಧ ಗ್ರಾಂ ಅಷ್ಟೇ. ಭಾರವೆಲ್ಲ ಪ್ರೋಟೀನಿನದ್ದು. ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡ ಹಿಮೋಗ್ಲೋಬಿನ್ನೇ ಲೀಟರಿಗೆ 130-150 ಗ್ರಾಂ ಇರುತ್ತೆ, ಅದು ಕೆಂಪು ಕಣಗಳೊಳಗೆ ತುಂಬಿಕೊಂಡಿರುತ್ತೆ. ಹಾಗಾಗಿ ಕೆಂಪು ಕಣಗಳ ಸಾಂದ್ರತೆ 1.09ರ ಮೇಲೆ, ಅವು ತೇಲಾಡುವ ಪ್ಲಾಸ್ಮಾದ್ದು 1.025ರ ಹತ್ತಿರ. ಎರಡೂ ಸೇರಿ ನಡುವಿನ ಒಂದು ಅಂಕಿ. ಈ ನಡುವಿನ ಅಂಕಿ ಎರಡು ಕಾರಣಕ್ಕೆ ಬದಲಾಗಬಹುದು ಅನ್ನೋದನ್ನ ನೆನಪಿಟ್ಟುಕೊಳ್ಳಿ. ಕಣಗಳು ಕಮ್ಮಿಯಾದರೆ ರಕ್ತ ಹಗುರ, ನೀರು ಕಮ್ಮಿಯಾದರೆ ರಕ್ತ ಭಾರ. ಮುಂದಿನ ಕಥೆಯೆಲ್ಲ ಈ ಎರಡು ಎಳೆಗಳದ್ದೇ.

ರಕ್ತವನ್ನು ನೀರಿನ ಜೊತೆ ತೂಗಿ ನೋಡಿದವರಲ್ಲಿ ನನಗೆ ಸಿಕ್ಕ ಅತ್ಯಂತ ಹಳಬ ಅಲ್-ಖಾಜಿನಿ. ಈಗಿನ ತುರ್ಕಮೆನಿಸ್ತಾನದಲ್ಲಿರುವ ಮರ್ವ್ ಪಟ್ಟಣದವನು, ಗ್ರೀಕ್ ಮೂಲದ ಗುಲಾಮನಾಗಿದ್ದು ಬಿಡುಗಡೆಯಾದವನು. 1121ರಲ್ಲಿ ತಕ್ಕಡಿಯ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದ, 'ವಿವೇಕದ ತಕ್ಕಡಿ' ಅಂತ ಅದರ ಹೆಸರಿನ ಅರ್ಥ. ಅದರಲ್ಲಿ ಚಿನ್ನ, ಬೆಳ್ಳಿ, ರತ್ನಗಳ ಜೊತೆಗೆ ದ್ರವಗಳ ಪಟ್ಟಿಯೂ ಇದೆ: ಎಳ್ಳೆಣ್ಣೆ, ಹಸುವಿನ ಹಾಲು, ಜೇನು, ಮೂತ್ರ, ಮತ್ತೆ ಆರೋಗ್ಯವಂತ ಮನುಷ್ಯನ ರಕ್ತ. ರಕ್ತದ ಅಂಕಿ ಈಗಿನ ಲೆಕ್ಕಕ್ಕಿಂತ ಸ್ವಲ್ಪ ಕಮ್ಮಿ ಬಂದಿದೆ. ಇರಲಿ. ಚಿನ್ನಕ್ಕೆ ತಾಮ್ರ ಬೆರೆಸಿದ್ದಾರಾ ಅಂತ ಹಿಡಿಯಲು ಹುಟ್ಟಿದ ತಕ್ಕಡಿಗೆ ರಕ್ತವನ್ನೂ ಹಾಕಿ ನೋಡಬೇಕು ಅಂತ ಅವನಿಗೆ ಅನ್ನಿಸಿತಲ್ಲ, ಅದು ದೊಡ್ಡದು.

ಆಮೇಲೆ ಐನೂರು ವರ್ಷ ದಾಟಿ ಇಂಗ್ಲೆಂಡಿಗೆ ಬರಬೇಕು. ಗಾಳಿಯ ಒತ್ತಡದ ನಿಯಮದಲ್ಲಿ ನಾವೆಲ್ಲ ಹೆಸರು ಕೇಳಿರುವ ರಾಬರ್ಟ್ ಬಾಯ್ಲ್ 1684ರಲ್ಲಿ ಮನುಷ್ಯನ ರಕ್ತದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ, ಅದರಲ್ಲಿ ರಕ್ತದ ಸಾಂದ್ರತೆಯ ಪ್ರಯೋಗಗಳಿವೆ. ಅದೇ 1684ರಲ್ಲಿ ಹುಟ್ಟಿದ ಜೇಮ್ಸ್ ಜೂರಿನ್ ಎಂಬ ವೈದ್ಯ ಮುಂದೆ ಇದನ್ನೇ ಕೈಗೆತ್ತಿಕೊಂಡು 1719ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಕೆಂಪು ಕಣಗಳು ರಕ್ತದ ನೀರಿಗಿಂತ ಹಗುರ ಅಂತ ಆಗ ಹಲವರು ನಂಬಿದ್ದರು. ಜೂರಿನ್ ತೂಗಿ ನೋಡಿ, ಅಲ್ಲ ಸ್ವಾಮಿ, ಅವು ಭಾರ ಅಂತ ತೋರಿಸಿದ.

ಆ ಕಾಲದವರಿಗೆ ರಕ್ತಕ್ಕೆ ಬರವಿರಲಿಲ್ಲ ಅನ್ನೋದೂ ನಿಜ. ಜ್ವರಕ್ಕೂ ರಕ್ತ ತೆಗಿ, ತಲೆನೋವಿಗೂ ರಕ್ತ ತೆಗಿ ಅನ್ನುವ ವೈದ್ಯರು, ಬಟ್ಟಲುಗಟ್ಟಲೆ ರಕ್ತ. ಸೀಸೆಗೆ ತುಂಬಿ ತೂಗಿದರಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬರುವಷ್ಟರಲ್ಲಿ ಆ ಪದ್ಧತಿ ಬಹುಪಾಲು ಬಿದ್ದುಹೋಗಿತ್ತು. ರೋಗಿಯಿಂದ ಪದೇ ಪದೇ ಸೀಸೆಗಟ್ಟಲೆ ರಕ್ತ ತೆಗೆಯುವ ಹಾಗಿಲ್ಲ, ಆದರೆ ಅಳತೆ ಬೇಕು. ಆಗ ಕೇಂಬ್ರಿಜ್‌ನ ಚಾರ್ಲ್ಸ್ ಸ್ಮಾರ್ಟ್ ರಾಯ್ 1884ರಲ್ಲಿ ಉಪಾಯ ಹೇಳಿದ. ಗ್ಲಿಸರಿನ್ ನೀರಿಗಿಂತ ಭಾರ. ಗ್ಲಿಸರಿನ್ ಮತ್ತು ನೀರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಒಂದಕ್ಕಿಂತ ಒಂದು ಚೂರೇ ಚೂರು ಭಾರವಾಗಿರುವ ದ್ರವಗಳ ಸಾಲು ಮಾಡಿಕೊಳ್ಳಿ. ಬೆರಳಿನಿಂದ ತೆಗೆದ ಒಂದೊಂದು ಹನಿಯನ್ನು ಒಂದೊಂದರ ನಡುವಿಗೆ ಮೆಲ್ಲಗೆ ಬಿಡಿ. ಯಾವುದರಲ್ಲಿ ಹನಿ ಏರದೆ ಇಳಿಯದೆ ನಿಲ್ಲುತ್ತೋ ಅದೇ ನಿಮ್ಮ ರಕ್ತದ ಸಾಂದ್ರತೆ. ನಮ್ಮ ಬಿತ್ತನೆ ಭತ್ತದ ಲೆಕ್ಕವೇ!

ಇದೇ ಉಪಾಯ ಹಿಡಿದು ಲಾಯ್ಡ್ ಜೋನ್ಸ್ ಎಂಬಾತ ಗಂಡಸರು, ಹೆಂಗಸರು, ಮಕ್ಕಳು ಅಂತ ಸಿಕ್ಕವರ ರಕ್ತವನ್ನೆಲ್ಲ ಅಳೆದು 1887ರಲ್ಲಿ ಪ್ರಕಟಿಸಿದ. ಗಂಡಸರ ರಕ್ತ ಹೆಂಗಸರದ್ದಕ್ಕಿಂತ ತುಸು ಭಾರ ಅಂತ ಅದರಲ್ಲಿ ಬಂತು. ಈ ತುಸು ಫರಕು ಮುಂದೆ ನಮ್ಮ ಕಥೆಯಲ್ಲಿ ಮತ್ತೆ ಬರುತ್ತೆ. 1892ರಲ್ಲಿ ವಿಯೆನ್ನಾದ ಹಾಮರ್‌ಷ್ಲಾಗ್ ಇನ್ನೊಂದು ದಾರಿ ಕಂಡುಹಿಡಿದ: ಒಂದೇ ಪಾತ್ರೆ, ಅದರಲ್ಲಿ ಭಾರದ ಕ್ಲೋರೋಫಾರ್ಮ್ ಮತ್ತು ಹಗುರ ಬೆಂಜೀನ್. ರಕ್ತ ಇವೆರಡರಲ್ಲೂ ಕರಗದು. ಹನಿ ಮುಳುಗಿದರೆ ಕ್ಲೋರೋಫಾರ್ಮ್ ಸುರಿ, ತೇಲಿದರೆ ಬೆಂಜೀನ್ ಸುರಿ, ನಡುವೆ ತಟಸ್ಥವಾಗಿ ನಿಂತ ಮೇಲೆ ಆ ದ್ರವದ ಸಾಂದ್ರತೆ ಅಳೆ. ಚಂದದ ಉಪಾಯ, ಆದರೆ ಅದರ ವಾಸನೆಯಲ್ಲಿ ಅಳೆಯುವವನೇ ತೇಲಿಹೋಗದಿದ್ದರೆ ಪುಣ್ಯ.

ಇಲ್ಲಿಯವರೆಗೆ ಇದೆಲ್ಲ ಪ್ರಯೋಗಶಾಲೆಯ ಕುತೂಹಲ. ಸಾವು-ಬದುಕಿನ ಪ್ರಶ್ನೆ ಬರುವುದು ಕಾಲರಾದಿಂದ. ಅದಕ್ಕೆ ಸ್ವಲ್ಪ ಹಿಂದಕ್ಕೆ, 1831ಕ್ಕೆ ಹೋಗಬೇಕು.

1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ 1831ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರಿಗೆ ಮುಟ್ಟಿತು. ಬೆಳಿಗ್ಗೆ ಚೆನ್ನಾಗಿದ್ದವರು ರಾತ್ರಿಯೊಳಗೆ ಸಾಯುತ್ತಿದ್ದರು. ಕಣ್ಣು ಗುಳಿಬಿದ್ದು, ಚರ್ಮ ಸುಕ್ಕಾಗಿ, ಮೈ ನೀಲಿಗಟ್ಟಿ, ನಾಡಿ ಸಿಗದಂತಾಗಿ. ನಾಳ ಕುಯ್ದರೆ ರಕ್ತ ಹರಿಯದೆ ಟಾರಿನಂತೆ ಕಪ್ಪಗೆ ಜಿನುಗುತ್ತಿತ್ತು. ವೈದ್ಯರ ಮದ್ದು? ಇನ್ನಷ್ಟು ರಕ್ತ ತೆಗೆಯುವುದು, ಇನ್ನಷ್ಟು ಭೇದಿ ಮಾಡಿಸುವುದು! ಆಗ ಐರ್ಲೆಂಡಿನ ಇಪ್ಪತ್ತೆರಡು ವರ್ಷದ ಹುಡುಗ, ವಿಲಿಯಂ ಬ್ರೂಕ್ ಓಶಾನೆಸಿ, ಸಂಡರ್‌ಲ್ಯಾಂಡಿಗೆ ಹೋಗಿ ರೋಗಿಗಳ ರಕ್ತವನ್ನು ಪರೀಕ್ಷೆ ಮಾಡಿದ. ರಕ್ತದಲ್ಲಿ ನೀರು ಮತ್ತು ಉಪ್ಪಿನಂಶಗಳು ತೀರಾ ಕಮ್ಮಿಯಾಗಿವೆ, ಅವೆಲ್ಲ ಭೇದಿಯಲ್ಲಿ ಹೊರಟುಹೋಗಿವೆ, ಹಾಗಾಗಿ ಕಳೆದದ್ದನ್ನು ವಾಪಸ್ ಕೊಡಬೇಕು ಅಂತ ಬರೆದ. (ಇದೇ ಓಶಾನೆಸಿ ಆಮೇಲೆ ಕಲ್ಕತ್ತಕ್ಕೆ ಬಂದು ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನು. ಆ ಕಥೆಗೆ ಬೇರೆಯೇ ಪೋಸ್ಟ್ ಬೇಕು.)

ಅವನ ಮಾತನ್ನು ನಂಬಿ ಮಾಡಿ ನೋಡಿದವನು ಸ್ಕಾಟ್ಲೆಂಡಿನ ಲೀತ್ ಊರಿನ ವೈದ್ಯ ಥಾಮಸ್ ಲಾಟ್ಟ. 1832ರ ಮೇ ತಿಂಗಳು. ಇನ್ನೇನು ಪ್ರಾಣ ಹೋಗುತ್ತೆ ಅನ್ನುವ ಸ್ಥಿತಿಯ ಒಬ್ಬ ಮುದುಕಿಯ ನಾಳಕ್ಕೆ ಉಪ್ಪುನೀರು ಬಿಡಲು ಶುರುಮಾಡಿದ. ಮೊದಲು ಏನೂ ಆಗಲಿಲ್ಲ. ಬಿಡುತ್ತಲೇ ಹೋದ. ನೋಡನೋಡುತ್ತ ಗುಳಿಬಿದ್ದ ಕಣ್ಣು ತುಂಬಿಕೊಂಡವು, ಮುಖಕ್ಕೆ ಕಳೆ ಬಂತು, ನಾಡಿ ಬಡಿಯಿತು. ಸುಮಾರು ಆರು ಪೈಂಟ್, ಅಂದರೆ ಮೂರು ಲೀಟರಿನ ಮೇಲೆ ನೀರು ಹೋಗಿತ್ತು. ಆಕೆ ಹುಷಾರಾದಳು ಅಂದುಕೊಂಡ ಲಾಟ್ಟ ಆಸ್ಪತ್ರೆಯ ವೈದ್ಯನಿಗೆ ಒಪ್ಪಿಸಿ ಹೊರಟ. ಆದರೆ ಭೇದಿ ನಿಂತಿರಲಿಲ್ಲವಲ್ಲ. ಮತ್ತೆ ಶುರುವಾಯಿತು, ಮತ್ತೆ ನೀರು ಕೊಡುವವರಿರಲಿಲ್ಲ, ಕೆಲವು ಗಂಟೆಗಳಲ್ಲಿ ಆಕೆ ತೀರಿಕೊಂಡಳು.

ಈ ಮುದುಕಿಯ ಕಥೆ ಓದಿದಾಗಲೆಲ್ಲ ಹೊಟ್ಟೆ ತೊಳಸಿದ ಹಾಗಾಗುತ್ತೆ. ಮದ್ದು ಸರಿಯಿತ್ತು. ದಾರಿ ಸರಿಯಿತ್ತು. ಇಲ್ಲದ್ದು ಒಂದೇ: ಎಷ್ಟು? ಎಷ್ಟು ಕೊಟ್ಟರೆ ಸಾಕು, ಯಾವಾಗ ಮತ್ತೆ ಕೊಡಬೇಕು ಅಂತ ಹೇಳುವ ಅಳತೆ. ಲಾಟ್ಟನ ನಂತರ ಅಲ್ಲಿ ಇಲ್ಲಿ ಕೆಲವರು ಪ್ರಯತ್ನಿಸಿದರು. ಕೆಲವರು ಬದುಕಿದರು, ಹಲವರು ಸತ್ತರು. ಶುಚಿಯಿಲ್ಲದ ನೀರಿನಿಂದ ನಂಜೂ ಆಗುತ್ತಿತ್ತು. ಲಾಟ್ಟ 1833ರಲ್ಲಿ ತಾನೇ ತೀರಿಕೊಂಡ. ಈ ಚಿಕಿತ್ಸೆ ಮೂಲೆ ಸೇರಿ ಮುಕ್ಕಾಲು ಶತಮಾನ ಹಾಗೇ ಉಳಿಯಿತು.

ಅದನ್ನು ಮೂಲೆಯಿಂದ ಎತ್ತಿಕೊಂಡವನು ಕಲ್ಕತ್ತ ಮೆಡಿಕಲ್ ಕಾಲೇಜಿನ ಲಿಯೊನಾರ್ಡ್ ರಾಜರ್ಸ್, ಇಂಡಿಯನ್ ಮೆಡಿಕಲ್ ಸರ್ವೀಸಿನ ವೈದ್ಯ. ಅಲ್ಲಿನ ಆಸ್ಪತ್ರೆಗೆ ಬಂದ ಕಾಲರಾ ರೋಗಿಗಳಲ್ಲಿ ನೂರಕ್ಕೆ ಅರವತ್ತರ ಹತ್ತಿರ ಜನ ಸಾಯುತ್ತಿದ್ದ ಕಾಲ. ರಾಜರ್ಸ್ ಮಾಡಿದ ಜಾಣತನ ಏನಪ್ಪಾ ಅಂದರೆ, ಇಂಗ್ಲೆಂಡಿನ ಪ್ರಯೋಗಶಾಲೆಯ ಆ ಗ್ಲಿಸರಿನ್ ಸೀಸೆಗಳ ಸಾಲನ್ನು ವಾರ್ಡಿಗೆ, ರೋಗಿಯ ಮಂಚದ ಪಕ್ಕಕ್ಕೆ ತಂದಿಟ್ಟದ್ದು. ಪುಟ್ಟ ಪುಟ್ಟ ಸೀಸೆಗಳು, ಒಂದಕ್ಕಿಂತ ಒಂದು ಸ್ವಲ್ಪ ಭಾರ. ರೋಗಿ ಬಂದ ಕೂಡಲೇ ಬೆರಳಿನಿಂದ ರಕ್ತ ತೆಗೆದು ಒಂದೊಂದರಲ್ಲೂ ಹನಿ ಬಿಟ್ಟು ನೋಡುವುದು. ಸಾಂದ್ರತೆ 1.063ರ ಆಸುಪಾಸು ಅಥವಾ ಅದಕ್ಕೂ ಮೇಲೆ ಹೋಗಿದ್ದರೆ ನಾಳಕ್ಕೆ ಉಪ್ಪುನೀರು ಬಿಡಲೇಬೇಕು. ಅಂಕಿ ಏರಿದಷ್ಟೂ ಹೆಚ್ಚು ನೀರು. ಕೊಟ್ಟ ಮೇಲೆ ಮತ್ತೆ ಹನಿ ಬಿಟ್ಟು ನೋಡುವುದು. ಕೆಲವು ಗಂಟೆ ಬಿಟ್ಟು ಮತ್ತೆ.

ಮುದುಕಿಯನ್ನು ಬಿಟ್ಟು ಹೊರಟ ಲಾಟ್ಟನ ಕೈಯಲ್ಲಿ ಇಲ್ಲದ್ದು ಇದೇ ನೋಡಿ. ಮುಖದ ಕಳೆ ನಂಬಿಸಿ ಮೋಸ ಮಾಡಬಹುದು. ಹನಿ ಮತ್ತೆ ಮುಳುಗಲು ಶುರುಮಾಡಿತು ಅಂದರೆ ನೀರು ಮತ್ತೆ ಸೋರುತ್ತಿದೆ ಅಂತಲೇ ಅರ್ಥ.

ಹೀಗೆ ಅಳೆದು ಅಳೆದು ರಾಜರ್ಸ್‌ಗೆ ಒಂದು ವಿಷಯ ಕಂಡಿತು: ಮಾಮೂಲಿ ಉಪ್ಪುನೀರು ಕೊಟ್ಟರೆ ಅದು ಬಹಳ ಹೊತ್ತು ರಕ್ತದಲ್ಲಿ ನಿಲ್ಲುತ್ತಿಲ್ಲ. ಹಾಗಾಗಿ ಉಪ್ಪಿನ ಪ್ರಮಾಣ ಹೆಚ್ಚು ಮಾಡಿದ. 1908ರಿಂದ ಹೀಗೆ ಚಿಕಿತ್ಸೆ ಕೊಡಲು ತೊಡಗಿದ ಮೇಲೆ ಸಾವು ನೂರಕ್ಕೆ ಮೂವತ್ತರ ಆಸುಪಾಸಿಗೆ, ಮುಂದೆ ಅದಕ್ಕಿಂತ ಕೆಳಕ್ಕೆ ಇಳಿಯಿತು. ಹೆಚ್ಚು ಉಪ್ಪು ಹಾಕಬೇಕು ಅನ್ನುವ ಅವನ ವಾದವನ್ನು ಮುಂದಿನವರು ಒಪ್ಪಲಿಲ್ಲ. ಕಾಲರಾದಲ್ಲಿ ಹೋಗುವ ನೀರಿನ ಉಪ್ಪಿನಂಶ ರಕ್ತದ ನೀರಿನಂಶಕ್ಕೆ ಹೆಚ್ಚುಕಮ್ಮಿ ಸಮವಾಗಿಯೇ ಇರುತ್ತೆ, ಹಾಗಾಗಿ ಅಷ್ಟೇ ಉಪ್ಪಿನ ನೀರು ಸಾಕು, ಜೊತೆಗೆ ಸೋಡಾ ಬೇಕು ಅಂತ ಆಮೇಲೆ ಗೊತ್ತಾಯಿತು. ನನಗನ್ನಿಸುವುದು, ಅವನ ರಾಸಾಯನಿಕ ಲೆಕ್ಕ ಪೂರ್ತಿ ಸರಿಯಿಲ್ಲದಿದ್ದರೂ ಅಷ್ಟು ಜನ ಬದುಕಿದ್ದಕ್ಕೆ ಕಾರಣ ಅವನು ಅಳೆದದ್ದು, ಮತ್ತೆ ಮತ್ತೆ ಅಳೆದದ್ದು.

ಗ್ಲಿಸರಿನ್ನಿನದ್ದು ಒಂದು ತಾಪತ್ರಯ. ರಕ್ತದ ಹನಿ ಅದರಲ್ಲಿ ಬಿದ್ದ ಕೂಡಲೇ ಬೆರೆಯಲು ತೊಡಗುತ್ತೆ, ಮೊದಲ ಕ್ಷಣದಲ್ಲಿ ಏರಿತೋ ಇಳಿಯಿತೋ ಅಂತ ಕಣ್ಣು ರೆಪ್ಪೆ ಬಡಿಯದೆ ನೋಡಬೇಕು. ಇದಕ್ಕೆ ಪರಿಹಾರ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ. ಅಲ್ಲಿ ಡೊನಾಲ್ಡ್ ವಾನ್ ಸ್ಲೈಕ್ ಎಂಬ ಹಿರಿಯ ರಸಾಯನಶಾಸ್ತ್ರಜ್ಞ, ಅವರ ಜೊತೆ ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್. ಈ ಫಿಲಿಪ್ಸ್ ಹೆಸರು ನೆನಪಿಟ್ಟುಕೊಳ್ಳಿ. ಯುದ್ಧದಲ್ಲಿ ಗಾಯಗೊಂಡವರಿಗೆ, ಸುಟ್ಟವರಿಗೆ ರಕ್ತ ಕೊಡಬೇಕೋ ಪ್ಲಾಸ್ಮಾ ಕೊಡಬೇಕೋ, ಎಷ್ಟು ಕೊಡಬೇಕು ಅನ್ನುವ ಪ್ರಶ್ನೆ. ಸುಟ್ಟಗಾಯದಲ್ಲಿ ಪ್ಲಾಸ್ಮಾ ಸೋರಿ ಉಳಿದ ರಕ್ತ ಭಾರವಾಗುತ್ತೆ, ರಕ್ತವೇ ಹರಿದುಹೋದರೆ ಉಳಿದದ್ದು ಹಗುರವಾಗುತ್ತೆ. ತೂಗಾಡುವ ಹಡಗಿನಲ್ಲಿ, ಡೇರೆ ಆಸ್ಪತ್ರೆಯಲ್ಲಿ ನಾಜೂಕಿನ ತಕ್ಕಡಿ ಇಟ್ಟುಕೊಂಡು ಕೂರುವುದು ಆಗುವ ಮಾತಲ್ಲ.

ಅವರು ಆರಿಸಿಕೊಂಡದ್ದು ತಾಮ್ರದ ಸಲ್ಫೇಟ್. ನಮ್ಮ ಮೈಲುತುತ್ತ ಕಣ್ರೀ! ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಪರಿಚಯ ಹೇಳಬೇಕಾಗಿಲ್ಲ. ಮಳೆಗಾಲದ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಕೊನೆಗಳಿಗೆ ಹೊಡೆಯುವ ಬೋರ್ಡೋ ಮದ್ದು ಇದರದ್ದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲಿ ಬರೆದದ್ದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ರಾಜರ್ಸ್ ಕಲ್ಕತ್ತದಲ್ಲಿ ಗ್ಲಿಸರಿನ್ ಸೀಸೆ ಹಿಡಿದಿದ್ದ ಅದೇ ಕಾಲ.

ಮೈಲುತುತ್ತದ ವಿಶೇಷ ಏನೆಂದರೆ, ರಕ್ತದ ಹನಿ ಅದರ ದ್ರಾವಣಕ್ಕೆ ಬಿದ್ದ ತಕ್ಷಣ ರಕ್ತದ ಪ್ರೋಟೀನೂ ತಾಮ್ರವೂ ಸೇರಿ ಹನಿಯ ಸುತ್ತ ತೆಳ್ಳನೆಯ ಪೊರೆ ಕಟ್ಟಿಬಿಡುತ್ತೆ. ಹನಿಗೆ ಅಂಗಿ ತೊಡಿಸಿದ ಹಾಗೆ. ಒಳಗಿನದ್ದು ಹೊರಗೆ ಬರದು, ಹೊರಗಿನದ್ದು ಒಳಗೆ ಹೋಗದು. ಸುಮಾರು ಹದಿನೈದು ಸೆಕೆಂಡು ಹನಿಯ ಸಾಂದ್ರತೆ ಇದ್ದ ಹಾಗೇ ಇರುತ್ತೆ. ಅಷ್ಟು ಹೊತ್ತು ಧಾರಾಳ ಸಾಕು. ಒಂದು ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಹನಿ ಬಿದ್ದ ರಭಸಕ್ಕೆ ಸ್ವಲ್ಪ ಒಳಗಿಳಿದು, ಒಂದು ಗಳಿಗೆ ಯೋಚನೆ ಮಾಡುವವರ ಹಾಗೆ ನಿಂತು, ಆಮೇಲೆ ಏರುತ್ತೆ ಅಥವಾ ಇಳಿಯುತ್ತೆ. ಪರೀಕ್ಷೆ ಮುಗಿದ ಹನಿಗಳು ತಳಕ್ಕೆ ಹೋಗಿ ಕೂರುತ್ತವೆ. ದ್ರಾವಣದ ಸಾಂದ್ರತೆ ಬೇಗ ಕೆಡುವುದಿಲ್ಲ, 30 ಮಿಲಿಲೀಟರಿನಲ್ಲಿ ಸುಮಾರು 25 ಹನಿ ಪರೀಕ್ಷಿಸಿ ಆಮೇಲೆ ಬದಲಿಸಿದರಾಯಿತು. ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಕರೆಂಟು ಬೇಡ. 1943ರಲ್ಲಿ ಸೇನೆಯ ವೈದ್ಯರಿಗೆ ಇದರ ವಿವರ ತಲುಪಿತು, ಪೂರ್ತಿ ಪ್ರಬಂಧ 1950ರಲ್ಲಿ ಅಚ್ಚಾಯಿತು. ರಕ್ತದ ಸಾಂದ್ರತೆ ಮತ್ತು ಪ್ಲಾಸ್ಮಾದ ಸಾಂದ್ರತೆ ಎರಡನ್ನೂ ಅಳೆದರೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನಕ್ಷೆಯಲ್ಲಿ ಗೆರೆ ಎಳೆದು ಓದಬಹುದಿತ್ತು.

ಯುದ್ಧ ಮುಗಿದ ಮೇಲೆ ಇದು ರಕ್ತನಿಧಿಗಳಿಗೆ ಬಂತು. ಅಲ್ಲಿ ಸಾಲು ಸೀಸೆಗಳೂ ಬೇಕಿಲ್ಲ, ಒಂದೇ ಸೀಸೆ ಸಾಕು: 1.053. ಪ್ಲಾಸ್ಮಾ ಮಾಮೂಲಿಯಾಗಿದ್ದರೆ ಈ ಸಾಂದ್ರತೆಗೆ ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 12.5 ಗ್ರಾಂ ಅಂತ ಲೆಕ್ಕ. ನಮ್ಮ ದೇಶದಲ್ಲಿ ರಕ್ತದಾನಕ್ಕೆ ಇರುವ ಕನಿಷ್ಠ ಮಿತಿ ಅದೇ 12.5, ಗಂಡಸರಿಗೂ ಹೆಂಗಸರಿಗೂ ಒಂದೇ. 'ಪ್ಲಾಸ್ಮಾ ಮಾಮೂಲಿಯಾಗಿದ್ದರೆ' ಅನ್ನುವ ಮಾತಿನಲ್ಲಿ ಒಂದು ಕೊಕ್ಕೆ ಇದೆ. ಕೆಲವು ಕಾಯಿಲೆಗಳಲ್ಲಿ ಪ್ಲಾಸ್ಮಾದ ಪ್ರೋಟೀನ್ ವಿಪರೀತ ಏರಿರುತ್ತೆ, ಆಗ ಹಿಮೋಗ್ಲೋಬಿನ್ ಕಮ್ಮಿಯಿದ್ದರೂ ಹನಿ ಮುಳುಗಿಬಿಡುತ್ತೆ. ಹಾಲಿನಲ್ಲೂ ಇದೇ ಆಟ. ಕೆನೆ ತೆಗೆದರೆ ಹಾಲು ಭಾರ, ನೀರು ಬೆರೆಸಿದರೆ ಹಗುರ. ಎರಡನ್ನೂ ಮಾಡಿದವನ ಹಾಲು ಲ್ಯಾಕ್ಟೋಮೀಟರಿನ ಮುಂದೆ ಹರಿಶ್ಚಂದ್ರನ ಹಾಗೆ ನಿಲ್ಲುತ್ತೆ. ಸಾಂದ್ರತೆ ಒಟ್ಟು ಮೊತ್ತ ಹೇಳುತ್ತೆ, ಒಳಗಿನ ಬಾಬ್ತುಗಳನ್ನಲ್ಲ.

ಲಾಯ್ಡ್ ಜೋನ್ಸ್ ಕಂಡ ಆ ತುಸು ಫರಕು ಈಗ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಕ್ತಹೀನತೆ ಅಂದರೆ ಹೆಂಗಸರಿಗೆ (ಗರ್ಭಿಣಿಯರನ್ನು ಬಿಟ್ಟು) 12ಕ್ಕಿಂತ ಕಮ್ಮಿ, ಗಂಡಸರಿಗೆ 13ಕ್ಕಿಂತ ಕಮ್ಮಿ. ನೀಲಿ ಲೋಟದ ಗೆರೆ ಸರಿಯಾಗಿ ನಡುವೆ, 12.5ರಲ್ಲಿದೆ. 12.2 ಇರುವ ಹುಡುಗಿಗೆ ರಕ್ತಹೀನತೆ ಇಲ್ಲ, ಆದರೆ ಅವಳ ಹನಿ ತೇಲುತ್ತೆ. 12.7 ಇರುವ ಗಂಡಸಿಗೆ ರಕ್ತಹೀನತೆ ಇದೆ, ಆದರೆ ಅವನ ಹನಿ ಮುಳುಗುತ್ತೆ, ಅವನು ಎದೆಯುಬ್ಬಿಸಿಕೊಂಡು ಮಂಚದ ಕಡೆ ನಡೆಯುತ್ತಾನೆ! ಇದು ಲೋಟದ ದೋಷವಲ್ಲ. ದಾನಕ್ಕೆ ಒಂದು ಗೆರೆ ಬೇಕು, ಎಳೆದಿದ್ದಾರೆ. ಆದರೆ ಆ ಗೆರೆಯನ್ನೇ ಆರೋಗ್ಯದ ಗೆರೆ ಅಂದುಕೊಳ್ಳಬಾರದು.

ನಾನು ಓದುತ್ತಿದ್ದ ಕಾಲೇಜಿನ ಶಿಬಿರದಲ್ಲಿ ನೋಡಿದ್ದು ಹೇಳುತ್ತೇನೆ. ಹುಡುಗಿಯರ ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರ ಹನಿ ಮೇಲೆ ಬರುತ್ತಿತ್ತು. "ಸೊಪ್ಪು, ಬೀಟ್‌ರೂಟ್ ಚೆನ್ನಾಗಿ ತಿನ್ರಮ್ಮ" ಅಂತ ಹೇಳಿ, ಕೈಗೆ ಒಂದು ತುಂಡು ಹತ್ತಿ ಕೊಟ್ಟು ಕಳಿಸುತ್ತಿದ್ದರು. ಹೆಸರು ಬರೆದುಕೊಂಡವರಿಲ್ಲ, ಇನ್ನೊಂದು ಪರೀಕ್ಷೆ ಮಾಡಿಸಿಕೋ ಅಂದವರಿಲ್ಲ. ಅವರೆಲ್ಲ ಆವತ್ತು ಕೊಡಲು ಬಂದವರಾದ್ದರಿಂದ, ಅವರಿಗೆ ಏನಾದರೂ ಬೇಕಾಗಿದೆಯೇ ಅನ್ನುವ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ ಅಂತ ಬಂದಿದೆ. ರಕ್ತ ಹಗುರವಾಗಿದೆ ಅಂತ ಪುಕ್ಕಟೆಯಾಗಿ ಗೊತ್ತಾಗುವ ಒಂದು ಜಾಗದಲ್ಲಿ ಆ ಸುದ್ದಿಯನ್ನು ಹತ್ತಿಯ ಜೊತೆ ಕಸದ ಬುಟ್ಟಿಗೆ ಹಾಕುತ್ತೇವೆ. ಎಲ್ಲ ಕಡೆ ಹೀಗೇ ಅಂತ ಹೇಳಲಾರೆ, ನಾನು ಕಂಡದ್ದು ಇಷ್ಟು.

ಈಗ ಫಿಲಿಪ್ಸ್ ಕಡೆಗೆ ವಾಪಸ್ ಹೋಗೋಣ. ಯುದ್ಧ ಮುಗಿದ ಮೇಲೆ ಮನುಷ್ಯ ಕೈರೋದಲ್ಲಿದ್ದ ಅಮೆರಿಕದ ನೌಕಾಪಡೆಯ ಸಂಶೋಧನಾ ಘಟಕಕ್ಕೆ ಹೋದ. 1947ರಲ್ಲಿ ಈಜಿಪ್ಟಿಗೆ ಕಾಲರಾ ಬಡಿಯಿತು, ಸುಮಾರು 20 ಸಾವಿರ ಜನ ಸತ್ತರು. ಗಾಯಾಳುಗಳಿಗೆ ಅಂತ ಮಾಡಿಕೊಂಡ ನೀಲಿ ಸೀಸೆಗಳು ಈಗ ರಾಜರ್ಸ್‌ನ ಹಳೆಯ ಪ್ರಶ್ನೆಗೆ ಉತ್ತರ ಹುಡುಕಲು ಒದಗಿದವು. ಫಿಲಿಪ್ಸ್ ಒಂದು ಹೆಜ್ಜೆ ಮುಂದೆ ಹೋದ. ಕಾಲರಾ ಬಂದವನಿಗೆ ಮೊದಲೇ ರಕ್ತಹೀನತೆಯೂ ಇದ್ದರೆ? ಕಣ ಕಮ್ಮಿಯಾಗಿ ಹಗುರ, ನೀರು ಕಮ್ಮಿಯಾಗಿ ಭಾರ, ಎರಡೂ ಸೇರಿ ಅಂಕಿ ಮಾಮೂಲಿಯಂತೆ ಕಂಡುಬಿಡಬಹುದು. ಹಾಗಾಗಿ ಕಣಗಳನ್ನು ಬೇರ್ಪಡಿಸಿ ಬರೀ ಪ್ಲಾಸ್ಮಾದ ಸಾಂದ್ರತೆ ಅಳೆಯುವುದು. ಕೈರೋದ ನಂತರ ಬ್ಯಾಂಕಾಕ್, ಮನಿಲಾ ಅಂತ ಕಾಲರಾ ಹೋದಲ್ಲೆಲ್ಲ ಅವನ ತಂಡ ಹೋಯಿತು. ಕೊನೆಗೆ ಒಂದು ಸರಳ ಲೆಕ್ಕ ಬಳಕೆಗೆ ಬಂತು: ಪ್ಲಾಸ್ಮಾದ ಸಾಂದ್ರತೆ 1.025ಕ್ಕಿಂತ ಪ್ರತಿ 0.001 ಹೆಚ್ಚಾದಾಗಲೂ, ರೋಗಿಯ ತೂಕದ ಪ್ರತಿ ಕೆಜಿಗೆ 4 ಮಿಲಿಲೀಟರ್ ದ್ರವ. ಐವತ್ತು ಕೆಜಿ ತೂಕದವನ ಪ್ಲಾಸ್ಮಾ 1.040 ಅಂತ ಬಂದರೆ, 15 ಗುಣಿಸು 4 ಗುಣಿಸು 50, ಮೂರು ಸಾವಿರ ಮಿಲಿಲೀಟರ್. ಮೂರು ಲೀಟರ್ ಕೂಡಲೇ ಒಳಗೆ ಹೋಗಬೇಕು. ಲಾಟ್ಟ ಆ ಮುದುಕಿಗೆ ಕೊಟ್ಟದ್ದೂ ಹೆಚ್ಚುಕಮ್ಮಿ ಅಷ್ಟೇ ನೋಡಿ. ಆಮೇಲೆ ಭೇದಿಯಲ್ಲಿ ಹೋದಷ್ಟನ್ನೂ ಅಳೆದು ಕೊಡುತ್ತ ಹೋಗುವುದು. ಅದಕ್ಕೆಂದೇ ನಡುವೆ ತೂತು ಇರುವ ಕ್ಯಾನ್‌ವಾಸ್ ಮಂಚ, ಕೆಳಗೆ ಅಳತೆಯ ಬಕೆಟ್. ಹೀಗೆ ಚಿಕಿತ್ಸೆ ಸಿಕ್ಕವರಲ್ಲಿ ಸಾಯುವವರು ತೀರಾ ಅಪರೂಪವಾದರು.

ಮನಿಲಾದಲ್ಲಿ 1960ರ ದಶಕದ ಮೊದಲಲ್ಲಿ ಫಿಲಿಪ್ಸ್ ಇನ್ನೊಂದು ವಿಷಯ ಕಂಡ. ಉಪ್ಪುನೀರಿಗೆ ಗ್ಲುಕೋಸ್ ಬೆರೆಸಿ ಬಾಯಿಯಿಂದ ಕುಡಿಸಿದರೆ ಕಾಲರಾ ಬಂದ ಕರುಳು ಕೂಡ ಅದನ್ನು ಹೀರಿಕೊಳ್ಳುತ್ತೆ. ಸೂಜಿ ಬೇಡ, ಸೀಸೆ ಬೇಡ! ಆದರೆ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಿದಾಗ ಕೆಲವು ರೋಗಿಗಳು ತೀರಿಕೊಂಡರು. ಅದು ಆತನನ್ನು ಬಹಳ ಕಾಡಿತು. 1965ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ನಿರ್ದೇಶಕನಾಗಿ ಬಂದ ಮೇಲೂ ಬಾಯಿಯಿಂದ ಕೊಡುವ ಚಿಕಿತ್ಸೆಯ ಬಗ್ಗೆ ಆತ ಹಿಂದೆಮುಂದೆ ನೋಡುತ್ತಲೇ ಇದ್ದ. ಅಲ್ಲಿನ ಕಿರಿಯ ವೈದ್ಯರಾದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಪಟ್ಟುಬಿಡದೆ ಮುಂದುವರಿಸಿ, ಹೋದಷ್ಟೇ ಪ್ರಮಾಣವನ್ನು ಅಳೆದು ಕುಡಿಸಿದರೆ ಕೆಲಸ ಮಾಡುತ್ತೆ ಅಂತ 1968ರಲ್ಲಿ ತೋರಿಸಿಕೊಟ್ಟರು. ಇಲ್ಲೂ ಗುಟ್ಟು 'ಎಷ್ಟು' ಅನ್ನುವುದರಲ್ಲೇ ಇತ್ತು. ಅದಕ್ಕೆ ಒಂದು ವರ್ಷ ಮುಂಚೆ, 1967ರಲ್ಲಿ, ಕಾಲರಾದ ಕೆಲಸಕ್ಕಾಗಿ ಫಿಲಿಪ್ಸ್‌ಗೆ ಲಾಸ್ಕರ್ ಪ್ರಶಸ್ತಿ ಬಂದಿತ್ತು.

ಮುಂದೆ 1971. ಬಾಂಗ್ಲಾ ಯುದ್ಧ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರು, ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ನೆಲದ ಮೇಲೆಲ್ಲ ಕಾಲರಾ ರೋಗಿಗಳು. ಕಲ್ಕತ್ತದಿಂದ ಹೋದ ಡಾ. ದಿಲೀಪ್ ಮಹಲಾನಬಿಸ್ ಅವರ ಬಳಿ ಇದ್ದ ಸಲೈನ್ ಬೇಗ ಖಾಲಿಯಾಗುವಷ್ಟಿತ್ತು. ಹನಿ ಬಿಟ್ಟು ಸಾಂದ್ರತೆ ನೋಡುತ್ತ ಕೂರುವ ಹೊತ್ತು ಅದಲ್ಲ. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ. ಈ ಪುಡಿಯನ್ನು ಪೊಟ್ಟಣ ಕಟ್ಟಿಸಿ ತರಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ತೀರಾ ಕೆಟ್ಟ ಸ್ಥಿತಿಯವರಿಗೆ ಮಾತ್ರ ಮೊದಲು ನಾಳಕ್ಕೆ, ಆಮೇಲೆ ಅವರಿಗೂ ಲೋಟವೇ. ಎಷ್ಟು ಕುಡಿಸಬೇಕು? ಕುಡಿಯುವಷ್ಟು. ಆ ಚಿಕಿತ್ಸೆ ಪಡೆದವರಲ್ಲಿ ಸತ್ತವರು ನೂರಕ್ಕೆ 3.6.

ಮಹಲಾನಬಿಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಪದ್ಮವಿಭೂಷಣದ ಸುದ್ದಿ ಬಂದ ದಿನ ಎಷ್ಟೋ ಪತ್ರಿಕೆಗಳು ಓಆರ್‌ಎಸ್ ಪೊಟ್ಟಣದ ಚಿತ್ರ ಹಾಕಿದ್ದವು. ಗ್ಲಿಸರಿನ್ ಸೀಸೆಯ ಚಿತ್ರ ನಾನು ಇನ್ನೂ ಹುಡುಕುತ್ತಲೇ ಇದ್ದೇನೆ. ಕಲ್ಕತ್ತದ ಯಾವುದಾದರೂ ಸಂಗ್ರಹಾಲಯದಲ್ಲಿ ನೋಡಿದ್ದರೆ ಹೇಳಿ. ಹಾಗೇ, ನಿಮ್ಮ ಮನೆಯ ಹಿರಿಯರಲ್ಲಿ ಊರಿಗೆ ಕಾಲರಾ ಬಂದದ್ದನ್ನು ಕಂಡವರು, ಕೇಳಿದವರು ಇದ್ದರೆ ಅವರು ಹೇಳಿದ್ದನ್ನು ಬರೆದಿಡಿ, ಇಲ್ಲಿ ಕೆಳಗೂ ಹಂಚಿಕೊಳ್ಳಿ.